ಬೂಟ್ ಆಗದ ಪೆಟ್ಟಿಗೆ, ಮಾತಾಡದ ಹೆಂಡತಿ

"ಇವತ್ತು ಈ ಕಂಪ್ಯೂಟರಿಗೆ ಮರುಜನ್ಮ ಕೊಟ್ಟೇ ಕೊಡ್ತೀನಿ" ಎಂದು ಲಿಫ್ಟಣ್ಣ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಘೋಷಿಸಿದಾಗ, ಮನೆಯಲ್ಲಿ ಅವನನ್ನು ತಡೆಯುವ ಬಾಯಿ ಇರಲಿಲ್ಲ. ತಡೆಯಬೇಕಾದ ಹೆಂಡತಿ ಎದುರಿಗೇ ಕೂತಿದ್ದಳು. ಆದರೆ ಗಂಟಲಿನ ವೈದ್ಯೆ ಅವಳಿಗೆ, ಮುಂದಿನ ತಪಾಸಣೆಯವರೆಗೆ ಒಂದಕ್ಷರ ಆಡಕೂಡದು, ಪಿಸುಮಾತೂ ಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು. ಗಂಡಂದಿರ ಚರಿತ್ರೆಯಲ್ಲಿ ಇಂಥ ಸುವರ್ಣಾವಕಾಶ ಪದೇ ಪದೇ ಬರುವುದಿಲ್ಲ. ಲಿಫ್ಟಣ್ಣ ಅದನ್ನು ಕೈಬಿಡುವ ಪೈಕಿಯವನಲ್ಲ.

ಅವನು ಲಿಫ್ಟ್ ರಿಪೇರಿಯ ಮೆಕ್ಯಾನಿಕ್. ಯಾವ ಕಟ್ಟಡಕ್ಕೆ ಕಾಲಿಟ್ಟರೂ, ಮೆಟ್ಟಿಲು ಹತ್ತಿ ಮಂಡಿ ಸವೆದವರು "ಲಿಫ್ಟಣ್ಣ ಬಂದ, ಲಿಫ್ಟಣ್ಣ ಬಂದ" ಎಂದು ದಾರಿ ಬಿಡುತ್ತಿದ್ದರು. ಹೆಂಡತಿಯೂ ಅದೇ ಲಿಫ್ಟಿನಿಂದ ಅನ್ನ ಉಣ್ಣುವವಳು. ಲಿಫ್ಟಿನೊಳಗೆ "ಬಾಗಿಲು ಮುಚ್ಚುತ್ತಿದೆ", "ಮೂರನೆಯ ಮಹಡಿ" ಎಂದು ಹೇಳುವ ಹೆಣ್ಣುದನಿ ಇದೆಯಲ್ಲ, ಅದು ಅವಳದು. ಒಮ್ಮೆ ಒಂದು ಲಿಫ್ಟು ಮೂರನೆಯ ಮಹಡಿಯಲ್ಲೇ ಹಟ ಹಿಡಿದು ನಿಂತು, ಇಡೀ ಮಧ್ಯಾಹ್ನ ಬಾಗಿಲು ತೆಗೆದು ಮುಚ್ಚಿ ಮಾಡುತ್ತಿದ್ದಾಗ ಲಿಫ್ಟಣ್ಣ ಈ ದನಿಯನ್ನು ಮೊದಲ ಬಾರಿಗೆ ಮನಸ್ಸಿಟ್ಟು ಕೇಳಿದ. ಅದದೇ ಮಾತನ್ನು ಇಷ್ಟು ತಾಳ್ಮೆಯಿಂದ ಹೇಳುವವಳು ಯಾರು ಎಂದು ವಿಚಾರಿಸಿಕೊಂಡು ಹೋಗಿ ಮದುವೆಯಾದ. ಆ ತಾಳ್ಮೆ ಧ್ವನಿಮುದ್ರಣಕ್ಕೆ ಮಾತ್ರ ಮೀಸಲು ಎಂಬುದು ಆಮೇಲೆ ತಿಳಿಯಿತು.

ಅವಳ ಸ್ಟುಡಿಯೋ ಎಂದರೆ ಮಲಗುವ ಕೋಣೆಯ ಬಟ್ಟೆ ಬೀರು. ಒಳಗೆ ಕಂಬಳಿ, ಸ್ವೆಟರು, ಗಂಡನ ಎಣ್ಣೆ ಮೆತ್ತಿದ ಕೋಟುಗಳ ನಡುವೆ ಮೈಕು ಹಿಡಿದು ಕೂತು ಬಾಗಿಲೆಳೆದುಕೊಂಡರೆ ಹೊರಗಿನ ಸದ್ದು ಸುಳಿಯುತ್ತಿರಲಿಲ್ಲ. ಹೋದ ವಾರ ಅಲ್ಲೇ ಕೂತು ಒಂದು ಹೊಸ ಆಸ್ಪತ್ರೆಯ ಲಿಫ್ಟುಗಳಿಗೆಲ್ಲ ದನಿ ಕೊಟ್ಟಿದ್ದಳು. ಅಷ್ಟು ದೊಡ್ಡ ಕೆಲಸ ಅವಳಿಗೆ ಸಿಕ್ಕಿದ್ದು ಅದೇ ಮೊದಲು. "ಮಕ್ಕಳ ವಾರ್ಡು", "ಶಸ್ತ್ರಚಿಕಿತ್ಸೆ", "ದಯವಿಟ್ಟು ಸ್ಟ್ರೆಚರಿಗೆ ದಾರಿ ಬಿಡಿ" ಎಂದು ಕೊನೆಯ ವಾಕ್ಯ ಮುಗಿಸಿ ಬೀರುವಿನಿಂದ ಹೊರಬಂದವಳ ಗಂಟಲು ಕಾದ ಹಂಚಿನ ಹಾಗೆ ಉರಿಯುತ್ತಿತ್ತು. ಮರುದಿನವೇ ವೈದ್ಯೆಯ ಅಪ್ಪಣೆ ಬಂತು. ದನಿಯ ತಂತುಗಳ ಮೇಲೆ ಗಂಟಿದೆ, ಕರಗಿದರೂ ದನಿ ಮೊದಲಿನಂತೆಯೇ ಬರುತ್ತದೆಂದು ಈಗಲೇ ಹೇಳಲಾಗದು ಎಂದರು. ಹೀಗಾಗಿ ಆಸ್ಪತ್ರೆಗೆಂದು ಕೊಟ್ಟ ಅವಳ ಒಳ್ಳೆಯ ದನಿ ಎಂಬುದು ಆ ಹೊತ್ತಿಗೆ ಇದ್ದದ್ದು ಒಂದೇ ಕಡೆ, ಆ ಹಳೆಯ ಕಂಪ್ಯೂಟರಿನೊಳಗೆ. ಇನ್ನೊಂದು ಪ್ರತಿ ಮಾಡಿಡುವುದು ಲಿಫ್ಟಣ್ಣನ ಪಾಲಿನ ಕೆಲಸವಾಗಿತ್ತು. ಅವನು ಅದನ್ನು ಇನ್ನೇನು ಮಾಡುವವನಿದ್ದ.

ಇವತ್ತು ಸಂಜೆ ಆರರೊಳಗೆ ಆ ದನಿಗಳನ್ನು ಆಸ್ಪತ್ರೆಯವರಿಗೆ ಕಳಿಸಬೇಕು. ತಪ್ಪಿದರೆ ಯಂತ್ರದ ದನಿ ಹಾಕಿಕೊಳ್ಳುತ್ತೇವೆಂದು ಅವರು ಮೊದಲೇ ತಿಳಿಸಿದ್ದರು. ನಿನ್ನೆ ಕಳಿಸಲು ಹೋದರೆ ಕಂಪ್ಯೂಟರ್ ಅರ್ಧ ದಾರಿಯಲ್ಲಿ ಮೂರ್ಛೆ ಹೋಗಿತ್ತು. ಅದರ ಗುಂಡಿ ಒತ್ತಿ ಸ್ನಾನ ಮುಗಿಸಿ ಬಂದರೂ ಅದಿನ್ನೂ ಆಕಳಿಸುತ್ತಲೇ ಇರುತ್ತಿತ್ತು.

"ಕಂಪ್ಯೂಟರ್ ನಡೆಸೋ ಹಳೇ ಸಿಸ್ಟಮ್ಮಿಗೆ ವಯಸ್ಸಾಗಿದೆ. ಪಕ್ಕದಲ್ಲೇ ಹೊಸದೊಂದು ಹಾಕ್ತೀನಿ. ಹಳೇದನ್ನ ಮುಟ್ಟೋದೇ ಇಲ್ಲ. ಊಟದ ಹೊತ್ತಿಗೆ ನಿನ್ನ ದನಿ ಆಸ್ಪತ್ರೆ ಸೇರಿರುತ್ತೆ" ಎಂದ ಲಿಫ್ಟಣ್ಣ.

ಹೆಂಡತಿ ಗಡಿಯಾರ ತೋರಿಸಿದಳು. ಕಂಪ್ಯೂಟರ್ ತೋರಿಸಿದಳು. ಆಮೇಲೆ ತೋರುಬೆರಳನ್ನು ಕತ್ತಿನ ಮೇಲೆ ಅಡ್ಡಡ್ಡ ಎಳೆದಳು.

"ಆರು ಗಂಟೆಗೆ ಮುಂಚೆ ಆ ಪೆಟ್ಟಿಗೆ ಮುಟ್ಟಿದ್ರೆ ಕತ್ತು ಕುಯ್ತೀನಿ ಅಂತಿದಾಳೆ" ಎಂದರು ಅತ್ತೆ.

"ಇಲ್ಲ ಅತ್ತೆ, ಗಂಟಲು ನೋವು ಅಂತಿರಬೇಕು."

"ನನ್ನ ಮಗಳ ಭಾಷೆ ನನಗೆ ಗೊತ್ತಿಲ್ವಾ ಅಳಿಯಂದ್ರೇ?"

ಅತ್ತೆ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿ ನಿವೃತ್ತರಾದವರು. ಮಗಳ ಬಾಯಿಗೆ ಬೀಗ ಬಿತ್ತೆಂದು ಕೇಳಿ ದುಭಾಷಿಯಾಗಿ ಬಂದಿಳಿದಿದ್ದರು. ಮಗಳು ಕೈಯಲ್ಲಿ ಹೇಳುವುದನ್ನು ಬಾಯಲ್ಲಿ ಹೇಳುವುದು, ಹೇಳದಿರುವುದನ್ನೂ ಒಂದಿಷ್ಟು ಸೇರಿಸಿಯೇ ಹೇಳುವುದು ಅವರ ಸೇವೆಯಾಗಿತ್ತು. ಬಂದ ಕೆಲವೇ ದಿನಗಳಲ್ಲಿ ಕಟ್ಟಡದ ಹೆಂಗಸರನ್ನು ಮೇಲಿನ ಮಹಡಿಯ ಖಾಲಿ ಹಾಲಿನಲ್ಲಿ ಕೂಡಿಹಾಕಿ ಬೆನ್ನುನೋವಿನ ವ್ಯಾಯಾಮವನ್ನೂ ಶುರು ಮಾಡಿದ್ದರು. ಅವರ ಕೊರಳ ದಾರದಲ್ಲಿ ಒಂದು ಸೀಟಿ, ಅದರ ಜೊತೆಗೆ ವ್ಯಾಯಾಮದ ಬ್ಯಾಂಡ್ ಸಂಗೀತ ತುಂಬಿದ ಪೆನ್‌ಡ್ರೈವು ತೂಗಾಡುತ್ತಿದ್ದವು.

ಲಿಫ್ಟಣ್ಣ ಆ ಪೆನ್‌ಡ್ರೈವನ್ನೇ ಕಡ ಕೇಳಿದ. ಹೊಸ ಸಿಸ್ಟಮ್ ಹಾಕಲು ಬೇಕಾದದ್ದನ್ನು ಅದರಲ್ಲಿ ತುಂಬಿಕೊಳ್ಳಬೇಕಿತ್ತು, ಸಂಗೀತದ ಪಕ್ಕದಲ್ಲಿ ಜಾಗವೂ ಇತ್ತು.

"ಹನ್ನೊಂದಕ್ಕೆ ನನ್ನ ಕ್ಲಾಸು. ಅಷ್ಟರಲ್ಲಿ ಕೊಟ್ಟುಬಿಡಿ" ಎಂದು ಅತ್ತೆ ಕೊರಳಿನಿಂದ ಬಿಚ್ಚಿಕೊಟ್ಟರು.

ಲಿಫ್ಟಣ್ಣನಿಗೆ ಒಂದು ವೃತ್ತಿಧರ್ಮವಿತ್ತು. ಮಾಡುವುದನ್ನು ಮಾಡುವ ಮೊದಲು ಗಟ್ಟಿಯಾಗಿ ಕೂಗಿ ಹೇಳಬೇಕು. ಲಿಫ್ಟಿನ ಕೆಳಗಿನ ಹಳ್ಳದೊಳಗೆ ಒಬ್ಬ, ಮೇಲಿನ ಮೋಟಾರು ಕೋಣೆಯಲ್ಲೊಬ್ಬ ಇರುವಾಗ ಹೀಗೆ ಕೂಗದಿದ್ದರೆ ಯಾರದಾದರೂ ಕೈಯೋ ಕಾಲೋ ಹೋಗುತ್ತದೆ. ಮನೆಯಲ್ಲೂ ಅದೇ ಅಭ್ಯಾಸ. "ಭಾಷೆ ಆರಿಸ್ತಿದೀನಿ", "ಗಡಿಯಾರ ಹೊಂದಿಸ್ತಿದೀನಿ" ಎಂದು ಒಂದೊಂದನ್ನೂ ಕೂಗುತ್ತ ಸಾಗಿದ. ಕೊನೆಗೆ ಪರದೆ ಒಂದು ಪ್ರಶ್ನೆ ಕೇಳಿತು. ಬೂಟ್ ಲೋಡರನ್ನು ಎಲ್ಲಿ ಇಡಲಿ, ದೊಡ್ಡ ಡಿಸ್ಕಿನಲ್ಲೋ ಸಣ್ಣದರಲ್ಲೋ? ಬೂಟ್ ಲೋಡರ್ ಎಂದರೆ, ಗುಂಡಿ ಒತ್ತಿದೊಡನೆ ತಾನು ಮೊದಲು ಎಚ್ಚೆತ್ತು, ಒಳಗೆ ಮಲಗಿರುವ ಸಿಸ್ಟಮ್ಮನ್ನು ತಟ್ಟಿ ಎಬ್ಬಿಸುವ ಪುಟ್ಟ ಸಾಫ್ಟ್‌ವೇರು. ಅದು ಸಿಗದಿದ್ದರೆ ಮಿಕ್ಕದ್ದೆಲ್ಲ ಹೊದ್ದು ಮಲಗಿಯೇ ಇರುತ್ತದೆ.

ಓದಿದವನು ಯಾರೇ ಆದರೂ ದೊಡ್ಡ ಡಿಸ್ಕನ್ನೇ ಆರಿಸುತ್ತಿದ್ದ. ಆದರೆ ಹಳೆಯ ಲಿಫ್ಟಿಗೆ ಹೊಸ ಯಂತ್ರ ಜೋಡಿಸುವವರು ಮೊದಲ ದಿನವೇ ಮುಖ್ಯ ಪ್ಯಾನೆಲ್ಲಿಗೆ ಕೈ ಹಾಕುವುದಿಲ್ಲ. ಪಕ್ಕದಲ್ಲೊಂದು ತಾತ್ಕಾಲಿಕ ಪ್ಯಾನೆಲ್ ತೂಗುಹಾಕಿ, ಅದರಲ್ಲಿ ಓಡಿಸಿ ನೋಡಿ, ಆಮೇಲಷ್ಟೇ ಮುಖ್ಯದ್ದಕ್ಕೆ. "ಬೂಟ್ ಲೋಡರ್ ಸಣ್ಣದಕ್ಕೆ ಹಾಕ್ತಿದೀನಿ" ಎಂದು ಕೂಗಿ, ಲಿಫ್ಟಣ್ಣ ಅದನ್ನು ಅತ್ತೆಯ ಪೆನ್‌ಡ್ರೈವಿಗೆ ಹಾಕಿಬಿಟ್ಟ. ಅಷ್ಟಕ್ಕೇ ನಿಲ್ಲಲಿಲ್ಲ. ಒಂದೇ ಲಿಫ್ಟಿಗೆ ಎರಡು ಪ್ಯಾನೆಲ್ ಏಕಕಾಲಕ್ಕೆ ಚಾಲೂ ಇದ್ದರೆ ಅನಾಹುತ ತಾನೆ? ಅದಕ್ಕೆ ಸೆಟ್ಟಿಂಗಿಗೆ ಹೋಗಿ, ಕಂಪ್ಯೂಟರ್ ಯಾವ್ಯಾವುದರಿಂದ ಶುರುವಾಗಬಹುದು ಎಂಬ ಸಾಲಿನಿಂದ ದೊಡ್ಡ ಡಿಸ್ಕನ್ನು ಆಫ್ ಮಾಡಿದ. ಸುರಕ್ಷತೆಯ ದೃಷ್ಟಿಯಿಂದ ಅವನು ಮಾಡಿದ್ದೆಲ್ಲ ಪರಿಪೂರ್ಣ, ಆ ಪೆಟ್ಟಿಗೆ ಲಿಫ್ಟಾಗಿದ್ದರೆ.

ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದಿತು. ಹೊಸ ಪರದೆ ಥಳಥಳಿಸಿತು. ಹೆಂಡತಿಯ ದನಿಯ ಕಡತಗಳೂ ಅಲ್ಲೇ ಸಾಲಾಗಿ ಕಂಡವು. ಲಿಫ್ಟಣ್ಣ ಒಂದನ್ನು ಒತ್ತಿದ. "ಮಕ್ಕಳ ವಾರ್ಡು" ಎಂದಿತು ಅವಳ ದನಿ. ಅವಳು ತನ್ನ ದನಿಯನ್ನು ತಾನೇ ಕೇಳಿ ಕಣ್ಣು ಒದ್ದೆ ಮಾಡಿಕೊಂಡಳು.

"ಪರವಾಗಿಲ್ಲ, ಗಂಡ ಉಪಯೋಗಕ್ಕೆ ಬಂದ ಅಂತಿದಾಳೆ" ಎಂದು ಅತ್ತೆ ಅನುವಾದಿಸಿದರು.

ಲಿಫ್ಟಣ್ಣ ಉಬ್ಬಿಹೋದ. ಯಂತ್ರಕ್ಕೆ ಸ್ವಲ್ಪ ವಿಶ್ರಾಂತಿ ಕೊಡೋಣವೆಂದು ಆಫ್ ಮಾಡಿ, ಪೆನ್‌ಡ್ರೈವು ಕಿತ್ತು, ಎರಡೂ ಕೈಯಿಂದ ಅತ್ತೆಗೆ ಒಪ್ಪಿಸಿದ. ಅತ್ತೆ ಸೀಟಿ ಊದಿಕೊಂಡು ಮೇಲೆ ಹೋದರು.

ಮತ್ತೆ ಗುಂಡಿ ಒತ್ತಿದರೆ ಪರದೆ ಕಪ್ಪು. ಮೂಲೆಯಲ್ಲೊಂದು ಬಿಳಿ ಸಾಲು: ಶುರುವಾಗಲು ಏನೂ ಸಿಗಲಿಲ್ಲ.

ಲಿಫ್ಟಣ್ಣ ಆಫ್ ಮಾಡಿ ಆನ್ ಮಾಡಿದ. ತಂತಿಗಳನ್ನು ಕಿತ್ತು ಸಿಕ್ಕಿಸಿದ. ಪೆಟ್ಟಿಗೆ ಬಿಚ್ಚಿ ಊದಿದ. ಅಲ್ಲಿಂದ ಎದ್ದ ಧೂಳು ಗಂಟಲಿಗೆ ತಾಗದಿರಲೆಂದು ಹೆಂಡತಿ ಮೂಗು ಮುಚ್ಚಿಕೊಂಡು ಅಡುಗೆಮನೆಗೆ ಓಡಿ, ಅಲ್ಲಿಂದಲೇ ಮೊಬೈಲಿನಲ್ಲಿ ಟೈಪ್ ಮಾಡಿ ದೂರದಿಂದ ತೋರಿಸಿದಳು: "ಏನಾಯ್ತು?"

"ಏನಿಲ್ಲ, ಸ್ವಲ್ಪ ಸುಧಾರಿಸಿಕೊಳ್ತಿದೆ."

"ಅದೋ ನೀವೋ?" ಎಂದು ಟೈಪಿಸಿದಳು.

ಕ್ಲಾಸು ಮುಗಿಸಿ ಅತ್ತೆ ಬಂದರು. ಕೊರಳ ದಾರ ಬೆವರಿಗೆ ಒದ್ದೆಯಾಗಿದೆಯೆಂದು ಪೆನ್‌ಡ್ರೈವನ್ನು ಬಿಚ್ಚಿ, ಕಳೆದುಹೋಗದಿರಲೆಂದು ಕಂಪ್ಯೂಟರಿನ ತೂತಿಗೇ ಸಿಕ್ಕಿಸಿದರು. ಅದೇ ಹೊತ್ತಿಗೆ ಲಿಫ್ಟಣ್ಣ ಪೆಟ್ಟಿಗೆ ಮುಚ್ಚಿ ಗುಂಡಿ ಒತ್ತಿದ. ಕಂಪ್ಯೂಟರ್ ಠೀವಿಯಿಂದ ಎದ್ದು ಕೂತಿತು.

"ಧೂಳು. ನಾನು ಆಗಲೇ ಅಂದ್ಕೊಂಡೆ" ಎಂದು ಲಿಫ್ಟಣ್ಣ ಮೀಸೆಯ ಮೇಲೆ ಕೈಯಾಡಿಸಿದ.

ಹೆಂಡತಿ ಓಡಿ ಬಂದು ಕುರ್ಚಿ ಕಿತ್ತುಕೊಂಡು ಕೂತು ಕಡತಗಳನ್ನು ಕಳಿಸಲು ಶುರು ಮಾಡಿದಳು. ಹಸಿರು ಪಟ್ಟಿ ಆಮೆಯಂತೆ ತೆವಳತೊಡಗಿತು. ಪಟ್ಟಿ ಅರ್ಧ ದಾಟಿದ ಮೇಲೆ ನೆಮ್ಮದಿಯಾಗಿ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು ಬಚ್ಚಲಿಗೆ ಹೋದಳು. ಅತ್ತೆಗೆ ಮಧ್ಯಾಹ್ನದ ಕ್ಲಾಸಿಗೆ ಹೊತ್ತಾಗಿತ್ತು, ಪೆನ್‌ಡ್ರೈವು ಕಿತ್ತುಕೊಂಡು ಹೊರಟರು. ಕಂಪ್ಯೂಟರ್ ಒಮ್ಮೆ ಎದ್ದಿತ್ತಲ್ಲ, ತಟ್ಟಿ ಎಬ್ಬಿಸಿದವನು ಎದ್ದುಹೋದರೂ ಅದು ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಲಿಫ್ಟಣ್ಣ ಕೈಕಟ್ಟಿಕೊಂಡು ಕೂತಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಆದರೆ ರಿಪೇರಿಯಾದ ಲಿಫ್ಟನ್ನು ಒಮ್ಮೆ ಪೂರ್ತಿ ನಿಲ್ಲಿಸಿ, ಮತ್ತೆ ಓಡಿಸಿ ನೋಡದೆ ಯಾವ ಮೆಕ್ಯಾನಿಕ್ಕೂ ಒಪ್ಪಿಸುವುದಿಲ್ಲ. ಬೆರಳು ತುರಿಸಿತು. "ಆಫ್ ಮಾಡ್ತಿದೀನಿ" ಎಂದು ಕೂಗಿದ. ಬಚ್ಚಲಿನಿಂದ ಬಾಯ್ತುಂಬ ನೀರಿದ್ದ ಒಂದು ವಿಚಿತ್ರ ಸದ್ದು ಬಂತು. ಅವಳು ಗಲ್ಲವೆಲ್ಲ ನೀರು ಸುರಿಸಿಕೊಂಡು ಓಡಿ ಬರುವಷ್ಟರಲ್ಲಿ ಪರದೆಯ ಮೇಲೆ ಅದೇ ಕಪ್ಪು, ಅದೇ ಬಿಳಿ ಸಾಲು.

ಅವಳು ಮೊಬೈಲನ್ನು ಮೇಜಿನ ಮೇಲಿಟ್ಟು ಅವನನ್ನೇ ನೋಡಿದಳು. ದುಭಾಷಿ ಇಲ್ಲದಿದ್ದರೂ ಲಿಫ್ಟಣ್ಣನಿಗೆ ಪ್ರತಿ ಪದವೂ ಅರ್ಥವಾಯಿತು. ಎಷ್ಟೋ ಎತ್ತರದಲ್ಲಿ ತಂತಿ ಹಿಡಿದು ನೇತಾಡುವಾಗಲೂ ಹೆದರದವನು ಈಗ ಹೆದರಿದ.

ಹೆದರಿದ ಮನುಷ್ಯ ಸುಮ್ಮನೆ ಕೂರುವುದಿಲ್ಲ, ಅದೇ ಅವನ ಕೇಡು. ಕಂಪ್ಯೂಟರ್ ಕೊಂಡಾಗ ಜೊತೆಗೆ ಬಂದಿದ್ದ ಹಳೆಯ ಸಿ.ಡಿ. ಅಟ್ಟದ ಮೇಲಿನ ಡಬ್ಬದಲ್ಲಿತ್ತು. ಅದನ್ನು ಹುಡುಕಿ ತಂದು ಒಳಗೆ ತಳ್ಳಿದ. ಹೆಂಡತಿ ಅಷ್ಟರಲ್ಲಿ ಆಸ್ಪತ್ರೆಯವರಿಗೆ ಸ್ವಲ್ಪ ಸಮಯ ಕೇಳಿ ಸಂದೇಶ ಕಳಿಸಲೆಂದು, ಮೊಬೈಲಿಗೆ ಸಿಗ್ನಲ್ ಸಿಗುವ ಹೊರಬಾಗಿಲ ಹತ್ತಿರ ಹೋಗಿ ನಿಂತಿದ್ದಳು. ಸಿ.ಡಿ. ಕರ್ರೆಂದು ತಿರುಗಿತು. ಪರದೆ ಬೆಳಗಿತು. ಹಳೆಯ ಗೆಳೆಯನನ್ನು ಕಂಡಷ್ಟು ಹಿಗ್ಗಾಯಿತು ಲಿಫ್ಟಣ್ಣನಿಗೆ. ಏನು ಕೇಳುತ್ತಿದೆ ಎಂದು ಸರಿಯಾಗಿ ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಪರದೆಯಲ್ಲಿದ್ದುದನ್ನು ಓದಿ ವೃತ್ತಿಧರ್ಮದಂತೆ ಕೂಗಿದ:

"ಇಡೀ ಡಿಸ್ಕ್ ಅಳಿಸಿ ಮೊದಲಿನಂತೆ ಮಾಡು. ಸರಿ ಅಂತ ಒತ್ತುತ್ತಿದೀನಿ."

ಹೊರಬಾಗಿಲ ಹತ್ತಿರ ನಿಂತವಳಿಗೆ ಕೂಗುವ ಹಾಗಿಲ್ಲ. ಓಡಿ ಬಂದು ಕೈ ಹಿಡಿಯುವಷ್ಟು ಹೊತ್ತಿಲ್ಲ. ಮಿಕ್ಕವರಾಗಿದ್ದರೆ ಆ ಗಳಿಗೆಯಲ್ಲಿ ಬಾಯಿ ತೆರೆದು, ಇದ್ದ ಗಂಟಲನ್ನೂ ಕಳೆದುಕೊಳ್ಳುತ್ತಿದ್ದರು. ಅವಳು ಲಿಫ್ಟಿನವನ ಹೆಂಡತಿ. ಅಪಾಯ ಎಂದರೆ ಮೊದಲು ಮೇನ್ ಸ್ವಿಚ್ಚು ಎಂದು ಊಟಕ್ಕೆ ಕೂತಾಗಲೂ ಕೇಳಿಸಿಕೊಂಡವಳು. ತಲೆಯ ಮೇಲೆಯೇ ಮೀಟರ್ ಪೆಟ್ಟಿಗೆ ಇತ್ತು. ಮೇನ್ ಎಳೆದಳು.

ಕಂಪ್ಯೂಟರ್ ಆರಿತು. ಫ್ಯಾನು ಸುತ್ತು ಕಡಿಮೆ ಮಾಡುತ್ತ ನಿಂತಿತು. ಫ್ರಿಜ್ಜು ಗೊಣಗುವುದನ್ನು ಬಿಟ್ಟಿತು. ಲಿಫ್ಟಣ್ಣನ ಬೆರಳು ಕೀಲಿಯ ಮೇಲೆ ಕೂದಲೆಳೆ ಅಂತರದಲ್ಲಿ ನಿಂತಿತ್ತು. ತಾನು ಕೂಗಿದ ಮಾತು ತನ್ನ ಕಿವಿಗೇ ಆಗ ಮುಟ್ಟಿತು. ಅಳಿಸು. ಇಡೀ ಡಿಸ್ಕ್. ಅಂದರೆ ಆ ಮಕ್ಕಳ ವಾರ್ಡು, ಆ ಸ್ಟ್ರೆಚರು, ಮತ್ತೆ ಬರುತ್ತದೋ ಇಲ್ಲವೋ ಎಂದು ವೈದ್ಯೆಗೇ ಗೊತ್ತಿಲ್ಲದ ಆ ದನಿ.

ಅವನಿಗೆ ಅಳು ಬಂತು. ಮುಚ್ಚುಮರೆಯಿಲ್ಲದೆ ಅತ್ತ. "ನೀನು ಇಲ್ಲದಿದ್ರೆ ನಾನು ಇವತ್ತು ನಿನ್ನ ದನೀನೇ ಅಳಿಸಿಬಿಡ್ತಿದ್ದೆ ಕಣೇ" ಎಂದ. ಆ ಮಾತಿನಲ್ಲಿ ಇಡೀ ಸಂಸಾರದ ಕೃತಜ್ಞತೆ ಇತ್ತು. ಅಷ್ಟು ವರ್ಷದಲ್ಲಿ ಅವಳಿಗೆ ಹೇಳಬೇಕಿದ್ದ, ಹೇಳದೆ ಉಳಿಸಿಕೊಂಡಿದ್ದ ಧನ್ಯವಾದಗಳೆಲ್ಲ ಆ ಆರಿಹೋದ ಫ್ಯಾನಿನ ಕೆಳಗೆ ಒಟ್ಟಿಗೆ ಹೊರಬಂದವು. ಬೀರುವಿನಲ್ಲಿ ಬೆವರುತ್ತ ಕೂತಿದ್ದಕ್ಕೆ, ಉರಿವ ಗಂಟಲಲ್ಲಿ ಕೊನೆಯ ವಾಕ್ಯ ಮುಗಿಸಿದ್ದಕ್ಕೆ, ಇಂಥ ಗಂಡನ ಕೂಗನ್ನು ದಿನಾ ಕಿವಿಗೊಟ್ಟು ಕೇಳಿದ್ದಕ್ಕೆ. ಅವಳು ಅವನ ಬೆನ್ನು ತಟ್ಟಿ, ಮೊಬೈಲ್ ಮುಂದೆ ಹಿಡಿದಳು: "ಅಳೋದು ಆಮೇಲೆ. ಬೆಳಿಗ್ಗೆಯಿಂದ ಎರಡು ಸಲ ಸರಿ ಹೋಯ್ತಲ್ಲ, ಆಗ ಇಲ್ಲಿ ಇದ್ದಿದ್ದು ಏನು, ಈಗ ಇಲ್ಲದ್ದು ಏನು?"

ಲಿಫ್ಟಣ್ಣ ಕಣ್ಣೊರೆಸಿಕೊಂಡು ಯೋಚಿಸಿದ. ಮುಖ ಅರಳಿತು. "ಅತ್ತೆ!"

ಅವಳು ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಅವನು ಮೆಟ್ಟಿಲು ಹತ್ತಿಯಾಗಿತ್ತು. ಹಾಲಿನಲ್ಲಿ ಬ್ಯಾಂಡು ಮೊಳಗುತ್ತಿತ್ತು, ಹೆಂಗಸರು ಸಾಲಾಗಿ ಸೊಂಟ ಬಗ್ಗಿಸಿದ್ದರು. "ಅತ್ತೆ, ದಮ್ಮಯ್ಯ ಕೆಳಗೆ ಬನ್ನಿ. ನೀವಿದ್ರೆ ಮಾತ್ರ ಕಂಪ್ಯೂಟರ್ ಏಳುತ್ತೆ" ಎಂದ.

"ನಾನಿದ್ರೆ ಎಂಥೆಂಥ ಮೈಗಳ್ಳರೂ ಎದ್ದಿದಾರೆ" ಎಂದು ಅತ್ತೆ ಕ್ಲಾಸನ್ನು ಬಗ್ಗಿದಲ್ಲೇ ಬಿಟ್ಟು ಬಂದರು. ಮೇನ್ ಹಾಕಿಸಿ, ಸಿ.ಡಿ. ತೆಗೆಸಿ, ಕಂಪ್ಯೂಟರಿನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಲಿಫ್ಟಣ್ಣ ಗುಂಡಿ ಒತ್ತಿದ. ಕಪ್ಪು.

"ಇನ್ನೂ ಸ್ವಲ್ಪ ಹತ್ತಿರ ಬನ್ನಿ ಅತ್ತೆ."

ಅತ್ತೆ ಹತ್ತಿರ ಬಂದರು. ಸೀಟಿಯನ್ನೂ ಊದಿದರು. ಬಿಳಿ ಸಾಲು ಅಲ್ಲಾಡಲಿಲ್ಲ.

ಹೆಂಡತಿ ಇಬ್ಬರ ನಡುವೆ ನುಗ್ಗಿದಳು. ಮೇನ್ ಹಾಕುವಾಗ ಇಟ್ಟ ಮೊಬೈಲು ಮೀಟರ್ ಪೆಟ್ಟಿಗೆಯ ಮೇಲೆಯೇ ಉಳಿದಿತ್ತು. ಅಮ್ಮನ ಕೊರಳ ದಾರ ಹಿಡಿದು ಜಗ್ಗಿ, ತನ್ನ ಹೆಬ್ಬೆರಳನ್ನು ಗಂಡನ ಮೂಗಿನೆದುರು ಅಲ್ಲಾಡಿಸಿ, ಅದನ್ನು ಕಂಪ್ಯೂಟರಿನ ತೂತಿಗೆ ಚುಚ್ಚಿ ಚುಚ್ಚಿ ತೋರಿಸಿದಳು.

"ನೀವು ಹೆಬ್ಬೆಟ್ಟು ಅಂತಿದಾಳೆ ಅಳಿಯಂದ್ರೇ. ನಾನಲ್ಲ, ಅವಳು" ಎಂದರು ಅತ್ತೆ.

ಹೆಂಡತಿ ಎರಡೂ ಕೈ ಜೋರಾಗಿ ಆಡಿಸಿ ಅಲ್ಲಗಳೆದಳು. ಮತ್ತೆ ದಾರ, ಮತ್ತೆ ಹೆಬ್ಬೆರಳು, ಮತ್ತೆ ತೂತು. ಲಿಫ್ಟಣ್ಣ ದಾರ ನೋಡಿದ. ಅದರಲ್ಲಿ ಸೀಟಿ ಮಾತ್ರ ಇತ್ತು.

"ಪೆನ್‌ಡ್ರೈವ್ ಎಲ್ಲಿ ಅತ್ತೆ?"

"ಮೇಲೆ ಹಾಡ್ತಿದೆ. ಅದಿಲ್ದೆ ಅವರು ಬಗ್ಗಿದವರು ಏಳೋದು ಹೇಗೆ?"

ಲಿಫ್ಟಣ್ಣನ ತಲೆಯೊಳಗೆ ದೀಪ ಹೊತ್ತಿತು. ಬೂಟ್ ಲೋಡರನ್ನು ಸಣ್ಣದಕ್ಕೆ ಹಾಕ್ತಿದೀನಿ ಎಂದು ಬೆಳಿಗ್ಗೆ ಕೂಗಿದವನು ತಾನೇ. ಬಾಗಿಲು ತಟ್ಟುವವನನ್ನು ಅತ್ತೆಯ ಕೊರಳಿಗೆ ಕಟ್ಟಿ ವ್ಯಾಯಾಮಕ್ಕೆ ಕಳಿಸಿ, ಇಲ್ಲಿ ಬಾಗಿಲು ತೆಗೆಯುತ್ತಿಲ್ಲವೆಂದು ಅಳುತ್ತಿದ್ದವನೂ ತಾನೇ. ಮತ್ತೆ ಮೆಟ್ಟಿಲು ಹತ್ತಿ ಓಡಿದ. ಅವನು ಪೆನ್‌ಡ್ರೈವು ಕಿತ್ತಾಗ ಬ್ಯಾಂಡು ತಟಕ್ಕನೆ ನಿಂತು, ಹೆಂಗಸರೆಲ್ಲ ಒಮ್ಮೆಗೇ ನೆಟ್ಟಗಾಗಿ ಅವನನ್ನು ಶಪಿಸಿದರು.

ಕಂಪ್ಯೂಟರ್ ಎದ್ದಿತು. ಆರು ಗಂಟೆಗೆ ಇನ್ನೂ ಹೊತ್ತಿತ್ತು. ಈ ಸಲ ಹೆಂಡತಿ ಕುರ್ಚಿಯಿಂದ ಅಲ್ಲಾಡಲಿಲ್ಲ, ಗಂಡನ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಒತ್ತಿ ಹಿಡಿದುಕೊಂಡಳು. ನೋಡಿದವರು ಪ್ರೀತಿ ಎನ್ನುತ್ತಿದ್ದರು, ಅದೂ ಇತ್ತು. ಹಸಿರು ಪಟ್ಟಿ ಕೊನೆ ಮುಟ್ಟಿತು. ದನಿ ಆಸ್ಪತ್ರೆ ಸೇರಿತು. ಆಮೇಲೆ ಅವಳ ಕಣ್ಣೆದುರೇ, ಅವಳ ಅನುಮತಿ ಪಡೆದೇ, ಅವನು ಕಡತಗಳ ಇನ್ನೊಂದು ಪ್ರತಿ ಮಾಡಿಟ್ಟ. ಬೂಟ್ ಲೋಡರನ್ನು ದೊಡ್ಡ ಡಿಸ್ಕಿಗೆ ಹಾಕಿದ, ಆಫ್ ಮಾಡಿದ್ದ ಡಿಸ್ಕನ್ನು ಆನ್ ಮಾಡಿದ. ತಾತ್ಕಾಲಿಕ ಪ್ಯಾನೆಲ್ಲಿನ ಸಿದ್ಧಾಂತವನ್ನೂ ತಗ್ಗಿದ ದನಿಯಲ್ಲಿ ವಿವರಿಸಿದ.

"ಸಂಸಾರಕ್ಕಾದ್ರೂ ಮುಖ್ಯ ಪ್ಯಾನೆಲ್ಲೇ ಹಾಕಿದೀರಾ?" ಎಂದು ಅವಳು ಟೈಪಿಸಿದಳು. ಲಿಫ್ಟಣ್ಣ ಕೈ ಮುಗಿದ. ಅತ್ತೆಗೂ ಮುಗಿದ. ಮನಸ್ಸು ತುಂಬಿತ್ತು. ಕಳೆದುಕೊಂಡೇಬಿಟ್ಟೆ ಎಂದುಕೊಂಡದ್ದು ಕೈಗೆ ಸಿಕ್ಕ ದಿನ ಮನುಷ್ಯನಿಗೆ ಯಾರ ಬೈಗುಳವೂ ಕಹಿಯಾಗುವುದಿಲ್ಲ.

ಕತ್ತಲಾಗುವ ಮೊದಲೇ ಆಸ್ಪತ್ರೆಯಿಂದ ಉತ್ತರ ಬಂತು. ದನಿ ಬಹಳ ಚೆನ್ನಾಗಿದೆ, ಹೆದರಿದ ರೋಗಿಗೂ ಧೈರ್ಯ ಬರುವ ಹಾಗಿದೆ, ಎಲ್ಲವನ್ನೂ ಒಪ್ಪಿಕೊಂಡಿದ್ದೇವೆ. ಗಂಟಲು ಗುಣವಾದ ಮೇಲೆ ನಿಧಾನವಾಗಿ ಇನ್ನೊಂದೇ ಒಂದು ವಾಕ್ಯ ಬೇಕು, ಅವಸರವಿಲ್ಲ. ಲಿಫ್ಟು ಕೆಟ್ಟು ನಿಂತಾಗ ಹಾಕಲು: "ಗಾಬರಿಯಾಗಬೇಡಿ, ಮೆಕ್ಯಾನಿಕ್ ಬರುತ್ತಿದ್ದಾರೆ."

ಹೆಂಡತಿ ಅದನ್ನು ಓದಿದಳು. ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮತ್ತೆ ಓದಿದಳು. ಭುಜ ಕುಲುಕತೊಡಗಿತು. ನಗುವುದಕ್ಕೂ ವೈದ್ಯೆಯ ಅಪ್ಪಣೆ ಇಲ್ಲದ್ದರಿಂದ ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣೀರು ಸುರಿಸುತ್ತ, ಅಮ್ಮನಿಗೆ ಕೈಯಲ್ಲಿ ಏನೋ ಹೇಳಿದಳು.

"ಏನಂತೆ ಅತ್ತೆ?" ಎಂದು ಲಿಫ್ಟಣ್ಣ ಅಕ್ಕರೆಯಿಂದ ಕೇಳಿದ.

ಅತ್ತೆ ಈ ಸಲ ಒಂದು ಪದವನ್ನೂ ಸೇರಿಸದೆ ಅನುವಾದಿಸಿದರು.

"ಗಾಬರಿಯಾಗಬೇಡಿ ಅನ್ನೋದು, ಮೆಕ್ಯಾನಿಕ್ ಬರ್ತಿದಾರೆ ಅನ್ನೋದು, ಎರಡರಲ್ಲಿ ಯಾವುದಾದ್ರೂ ಒಂದೇ ಹೇಳ್ತಾಳಂತೆ."